ಒಂದೇ ಗ್ರಂಥ, ನೂರಾರು ಓದು

ಕಪ್ಪು, ಕೆಂಪು, ಬಿಳಿ ಬಣ್ಣಗಳ ತೇಪೆ ಹಾಕಿದಂತಿರುವ ಬೆಕ್ಕನ್ನು ನಾವೆಲ್ಲರೂ ಹಿತ್ತಿಲಲ್ಲಿಯೋ ಹೆಂಚಿನ ಮಾಡಿನ ಮೇಲೆಯೋ ಕಂಡೇ ಇರುವೆವು. ಅಂಥ ಬೆಕ್ಕು ಹೆಚ್ಚುಕಡಮೆ ಯಾವಾಗಲೂ ಹೆಣ್ಣೇ ಆಗಿರುವುದೆಂಬುದನ್ನು ಮಾತ್ರ ನಮ್ಮಲ್ಲಿ ಬಹುಮಂದಿ ಗಮನಿಸಿರಲಾರರು. ಗಂಡು ಬೆಕ್ಕಿನಲ್ಲಿ ಕಪ್ಪು ಕೆಂಪು ಎರಡೂ ಒಟ್ಟಿಗೆ ಕಾಣುವುದು ಅತ್ಯಪೂರ್ವ. ಇದಕ್ಕೆ ಕಾರಣವೇನು?

ರೋಮಕ್ಕೆ ಕೆಂಪು ಬಣ್ಣ ಬರಬೇಕೋ ಕಪ್ಪು ಬಣ್ಣ ಬರಬೇಕೋ ಎಂಬುದನ್ನು ನಿರ್ಣಯಿಸುವ ಜೀನು ಬೆಕ್ಕಿನ ಎಕ್ಸ್ ವರ್ಣತಂತುವಿನಲ್ಲಿರುವುದು. ಗಂಡಿಗೆ ಎಕ್ಸ್ ವರ್ಣತಂತು ಒಂದೇ; ಆದುದರಿಂದ ಅದು ಕೆಂಪಾಗಿರಬೇಕು, ಇಲ್ಲವೆ ಕಪ್ಪಾಗಿರಬೇಕು. ಹೆಣ್ಣಿಗೆ ಎರಡು ಎಕ್ಸ್‌ಗಳುಂಟು. ಅವುಗಳಲ್ಲಿ ಒಂದು ಕೆಂಪನ್ನೂ ಇನ್ನೊಂದು ಕಪ್ಪನ್ನೂ ಹೊತ್ತಿರಬಹುದು. ಇಂಗ್ಲೆಂಡಿನ ಮೇರಿ ಲಯನ್ ಎಂಬ ವಿದುಷಿ ಇಲಿಗಳ ಮೈಬಣ್ಣವನ್ನು ಪರಿಶೀಲಿಸಿ ೧೯೬೧ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಹೆಣ್ಣು ಭ್ರೂಣವು ಇನ್ನೂ ಬಹು ಚಿಕ್ಕದಾಗಿರುವಾಗಲೇ ಅದರ ಪ್ರತಿಯೊಂದು ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುದುರಿ ಮುಚ್ಚಿಬಿಡುವುದು; ಯಾವುದನ್ನು ಮುಚ್ಚುವುದೆಂಬುದು ಕೇವಲ ಆಕಸ್ಮಿಕ; ಆದರೆ ಒಮ್ಮೆ ಮುಚ್ಚಿದ ಮೇಲೆ ಆ ಕೋಶದ ಸಂತತಿಯೆಲ್ಲವೂ ಅದನ್ನೇ ಮುಚ್ಚಿಟ್ಟುಕೊಂಡು ಬರುವುದು. ಬೆಕ್ಕಿನ ಮೈಮೇಲಿನ ಕಪ್ಪು ತೇಪೆ, ಕೆಂಪು ತೇಪೆಗಳು ಹೀಗೆ ಹುಟ್ಟಿದುವು. (ಬಿಳಿಯ ತೇಪೆಗೆ ಕಾರಣ ಬೇರೊಂದು ಜೀನು.)

ಇದರಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದುಂಟು. ಕಪ್ಪು ತೇಪೆಯ ಕೋಶದಲ್ಲಿಯೂ ಕೆಂಪಿನ ಜೀನು ಇದ್ದೇ ಇದೆ. ಅದು ನಾಶವಾಗಿಲ್ಲ, ಅದರಲ್ಲಿ ಒಂದಕ್ಷರವೂ ಬದಲಾಗಿಲ್ಲ. ಅದನ್ನು ಓದದಂತೆ ಗುರುತು ಹಾಕಿ ಮಡಚಿಟ್ಟಿದೆ, ಅಷ್ಟೆ. ಇಂಥ ಗುರುತುಗಳು ಬೆಕ್ಕಿನ ಚರ್ಮದಲ್ಲಿ ಮಾತ್ರವಲ್ಲ, ನಮ್ಮ ದೇಹದ ಜೀವಕೋಶಗಳಲ್ಲಿಯೂ ಇವೆ. ಅವುಗಳ ನಕ್ಷೆಯನ್ನು ಬರೆಯುವ ಕಾರ್ಯ ಈ ಶತಮಾನದಲ್ಲಿ ಹೇಗೆ ನಡೆದಿದೆ, ಅದರಿಂದ ರೋಗಿಗೆ ಏನು ಪ್ರಯೋಜನ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಗ್ರಂಥ ಮತ್ತು ಗುರುತು

ಮನುಷ್ಯನ ದೇಹದಲ್ಲಿ ಸುಮಾರು ೩೦ ಲಕ್ಷ ಕೋಟಿ ಜೀವಕೋಶಗಳಿವೆಯೆಂದು ಅಂದಾಜು. ಇವೆಲ್ಲವೂ ಒಂದೇ ಒಂದು ಕೋಶ ಒಡೆದು ಎರಡಾಗಿ, ಎರಡು ನಾಲ್ಕಾಗಿ ಬಂದಂಥವು. ಕೆಲವು ಬಗೆಯ ಕೋಶಗಳನ್ನು ಬಿಟ್ಟರೆ ಪ್ರತಿಯೊಂದರ ಕೇಂದ್ರದಲ್ಲಿಯೂ ಡಿ.ಎನ್.ಎ. ಎಂಬ ಉದ್ದನೆಯ ಎಳೆಯಲ್ಲಿ ಅದೇ ಗ್ರಂಥವು ಬರೆದಿದೆ. ನಾಲ್ಕೇ ಅಕ್ಷರಗಳ ಆ ಲಿಪಿಯಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳು; ಪ್ರೋಟೀನುಗಳನ್ನು ಕಟ್ಟುವ ಕ್ರಮವನ್ನು ತಿಳಿಸುವ ಜೀನುಗಳು ಸುಮಾರು ೨೦,೦೦೦. ಹಾಗಾದರೆ ಯಕೃತ್ತಿನ ಕೋಶವು ಪಿತ್ತವನ್ನು ತಯಾರಿಸುವುದೇಕೆ? ಕಣ್ಣಿನ ಕೋಶವು ಬೆಳಕನ್ನು ಗ್ರಹಿಸುವುದೇಕೆ? ಎಲ್ಲವೂ ಒಂದೇ ಗ್ರಂಥವನ್ನು ಇಟ್ಟುಕೊಂಡಿರುವಾಗ ಕೆಲಸ ಬೇರೆಬೇರೆಯಾದುದು ಹೇಗೆ?

ನಮ್ಮ ಹಳ್ಳಿಗಳಲ್ಲಿ ಮಳೆ ಹೋದ ವರ್ಷ ವಿರಾಟಪರ್ವವನ್ನು ಓದಿಸುವ ವಾಡಿಕೆಯುಂಟು. ಗಮಕಿಯ ಮುಂದಿರುವುದು ಇಡೀ ಭಾರತವೇ. ಆದರೆ ಆತನು ಗುರುತಿಟ್ಟ ಸ್ಥಳದಲ್ಲಿ ಹೊತ್ತಗೆಯನ್ನು ತೆರೆದು ಅಂದಿಗೆ ಬೇಕಾದ ಭಾಗವನ್ನಷ್ಟೇ ಓದುವನು. ಉಳಿದ ಪರ್ವಗಳು ಮುಚ್ಚಿಯೇ ಇರುವುವು. ಜೀವಕೋಶದ ರೀತಿಯೂ ಇಂಥದೇ. ಯಕೃತ್ತಿನ ಕೋಶವು ತನಗೆ ಬೇಕಾದ ಪುಟಗಳನ್ನು ತೆರೆದಿಟ್ಟುಕೊಂಡಿದೆ, ಕಣ್ಣಿನ ಕೋಶವು ತನ್ನವನ್ನು. ಬ್ರಿಟನ್ನಿನ ಕಾನ್ರಾಡ್ ವಾಡಿಂಗ್ಟನ್ ಈ ವಿಷಯದ ಅಧ್ಯಯನಕ್ಕೆ ೧೯೪೨ರಲ್ಲಿಯೇ ಎಪಿಜೆನೆಟಿಕ್ಸ್ ಎಂಬ ಹೆಸರನ್ನಿತ್ತರು. ಗ್ರೀಕ್ ಭಾಷೆಯ ‘ಎಪಿ’ ಎಂದರೆ ‘ಮೇಲೆ’ ಎಂದರ್ಥ. ಗ್ರಂಥದ ಅಕ್ಷರಗಳೆಲ್ಲ ಸೇರಿ ಜೀನೋಮ್ ಆದರೆ, ಅಕ್ಷರಗಳ ಮೇಲೆ ಹಾಕಿದ ಗುರುತುಗಳೆಲ್ಲ ಸೇರಿ ಎಪಿಜೀನೋಮ್ ಎನ್ನಬಹುದು. ವ್ಯಕ್ತಿಯೊಬ್ಬನಿಗೆ ಜೀನೋಮ್ ಒಂದು; ಎಪಿಜೀನೋಮ್ ಮಾತ್ರ ಕೋಶದ ಬಗೆಗೊಂದು.

ಈ ಗುರುತುಗಳು ಕೇವಲ ಉಪಮಾನದ ಮಾತಲ್ಲ. ರಸಾಯನಶಾಸ್ತ್ರಜ್ಞರು ಹಿಡಿದು ತೋರಿಸಬಲ್ಲ ನಿಜವಾದ ವಸ್ತುಗಳು. ಅವುಗಳಲ್ಲಿ ಮುಖ್ಯವಾದ ಎರಡನ್ನು ಇಲ್ಲಿ ಹೇಳುವೆವು. ಮೊದಲನೆಯದು ಮೀಥೈಲ್ ಗುರುತು. ಒಂದು ಇಂಗಾಲದ ಪರಮಾಣು, ಮೂರು ಜಲಜನಕದ ಪರಮಾಣುಗಳು ಸೇರಿದ ಈ ಪುಟ್ಟ ಗುಂಪು ಡಿ.ಎನ್.ಎ.ಯ ಸೈಟೊಸಿನ್ ಎಂಬ ಅಕ್ಷರಕ್ಕೆ ಅಂಟಿಕೊಳ್ಳುವುದು. ಜೀನು ಆರಂಭವಾಗುವ ಎಡೆಯಲ್ಲಿ ಇದು ದಟ್ಟವಾಗಿದ್ದರೆ ಆ ಜೀನು ಸಾಮಾನ್ಯವಾಗಿ ಮೌನವಾಗಿರುವುದು. ಕೋಶವು ಒಡೆದು ಎರಡಾಗುವಾಗ ಒಂದು ಕಿಣ್ವವು ಹಳೆಯ ಎಳೆಯ ಗುರುತನ್ನು ನೋಡಿ ಹೊಸ ಎಳೆಗೂ ಹಾಕುವುದು. ಯಕೃತ್ತಿನ ಕೋಶಕ್ಕೆ ಯಕೃತ್ತಿನ ಕೋಶವೇ ಹುಟ್ಟುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ಬಗೆಯ ಗುರುತು ಡಿ.ಎನ್.ಎ.ಯ ಮೇಲಲ್ಲ, ಅದನ್ನು ಸುತ್ತಿಟ್ಟಿರುವ ಉಂಡೆಗಳ ಮೇಲೆ ಇರುವುದು. ಒಂದು ಕೋಶದ ಡಿ.ಎನ್.ಎ.ಯನ್ನು ಬಿಚ್ಚಿ ಹಿಡಿದರೆ ಸುಮಾರು ಎರಡು ಮೀಟರು ಉದ್ದವಾದೀತು. ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಚಿಕ್ಕದಾದ ಕೋಶಕೇಂದ್ರದಲ್ಲಿ ಅದು ಹಿಡಿಸಬೇಕಾದರೆ ಅಚ್ಚುಕಟ್ಟಾಗಿ ಸುತ್ತಿರಬೇಕಷ್ಟೆ. ಹಿಸ್ಟೋನ್ ಎಂಬ ಎಂಟು ಪ್ರೋಟೀನುಗಳು ಕೂಡಿದ ಒಂದೊಂದು ಉಂಡೆಗೂ, ಕದಿರಿಗೆ ನೂಲು ಸುತ್ತಿದಂತೆ, ೧೪೭ ಅಕ್ಷರಗಳಷ್ಟು ಉದ್ದದ ಎಳೆ ಸುತ್ತಿಕೊಂಡಿದೆ. ಹಿಸ್ಟೋನಿನ ಬಾಲಗಳಿಗೆ ಅಸಿಟೈಲ್ ಎಂಬ ಗುಂಪು ಅಂಟಿದರೆ ಸುತ್ತು ಸಡಿಲವಾಗಿ ಅಲ್ಲಿಯ ಲಿಪಿ ಓದಲು ಸಿಕ್ಕುವುದು. ಬೇರೆ ಕೆಲವು ಗುರುತುಗಳು ಬಿದ್ದರೆ ಸುತ್ತು ಬಿಗಿಯುವುದು. ಅಸಿಟೈಲ್ ಗುಂಪಿಗೂ ಜೀನುಗಳ ಚಟುವಟಿಕೆಗೂ ಸಂಬಂಧವಿದೆಯೆಂದು ಅಮೆರಿಕದ ವಿನ್ಸೆಂಟ್ ಆಲ್‌ಫ್ರೀ ಮತ್ತು ಅವರ ಸಂಗಡಿಗರು ೧೯೬೪ರಲ್ಲಿಯೇ ಸೂಚಿಸಿದ್ದರು.

ಬಿಡಿಸಲಾರದ ಒಗಟು

ಮಾನವ ಜೀನೋಮಿನ ಅಕ್ಷರಗಳನ್ನು ಓದುವ ಮಹಾಯೋಜನೆಯು ೨೦೦೩ರಲ್ಲಿ ಮುಗಿದುದಾಗಿ ಸಾರಲಾಯಿತು. (ಉಳಿದಿದ್ದ ಅಂತರಗಳು ೨೦೨೨ರಲ್ಲಿ ತುಂಬಿದುವು.) ಗ್ರಂಥವು ಕೈಗೆ ಬಂದ ಮೇಲೆ ರೋಗಗಳ ಮೂಲವನ್ನು ಕಾಣುವುದು ಸುಲಭವೆಂದೇ ಅನೇಕರು ಭಾವಿಸಿದರು. ಸಕ್ಕರೆ ರೋಗ, ಹೃದ್ರೋಗ, ಸಂಧಿವಾತ ಮುಂತಾದ ರೋಗಗಳುಳ್ಳ ಸಾವಿರಾರು ಜನರ ಡಿ.ಎನ್.ಎ.ಯನ್ನು ಆ ರೋಗವಿಲ್ಲದವರ ಡಿ.ಎನ್.ಎ.ಯೊಡನೆ ಹೋಲಿಸಿ, ಯಾವ ಅಕ್ಷರವ್ಯತ್ಯಾಸವು ರೋಗಿಗಳಲ್ಲಿ ಹೆಚ್ಚಾಗಿ ಕಾಣುವುದೆಂದು ಹುಡುಕಿದರು. ವ್ಯತ್ಯಾಸಗಳೇನೋ ಸಿಕ್ಕಿದುವು, ಒಂದಲ್ಲ, ಸಾವಿರಾರು. ಈ ರೋಗಗಳು ಒಂದು ಜೀನು ಕೆಟ್ಟು ಬಂದವಲ್ಲ, ನೂರಾರು ಸಣ್ಣ ವ್ಯತ್ಯಾಸಗಳೂ ಬಾಳುವೆಯ ರೀತಿಯೂ ಕೂಡಿ ಬಂದವು ಎಂಬುದು ಇದರಿಂದ ಸ್ಪಷ್ಟವಾಯಿತು.

ಆದರೆ ಒಂದು ಸಂಗತಿ ಎಲ್ಲರನ್ನೂ ದಿಗಿಲುಗೊಳಿಸಿತು. ಆ ವ್ಯತ್ಯಾಸಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು, ಪ್ರೋಟೀನನ್ನು ತಿಳಿಸುವ ಲಿಪಿಯ ಹೊರಗಿದ್ದುವು. ಗ್ರಂಥದಲ್ಲಿ ಅಂಥ ಲಿಪಿ ನೂರಕ್ಕೆ ಒಂದೂವರೆ ಪಾಲು ಮಾತ್ರ. ಉಳಿದ ವಿಸ್ತಾರವಾದ ಬಯಲಿನಲ್ಲಿ ಎಲ್ಲಿಯೋ ಒಂದಕ್ಷರ ಬೇರೆಯಾಗಿದೆ. ಅದು ಯಾವ ಜೀನಿಗೆ ಸೇರಿದ್ದು? ಯಾವ ಅಂಗದಲ್ಲಿ ಅದರ ಪರಿಣಾಮ? ಅಕ್ಷರಗಳನ್ನು ಎಷ್ಟು ಸಲ ಓದಿದರೂ ಉತ್ತರ ಸಿಕ್ಕಲಿಲ್ಲ. ಏಕೆಂದರೆ ಅಕ್ಷರಗಳು ಎಲ್ಲ ಅಂಗಗಳಲ್ಲಿಯೂ ಒಂದೇ.

ಈ ಬಯಲಿನಲ್ಲಿ ಅಲ್ಲಲ್ಲಿ ಜೀನುಗಳ ಸ್ವಿಚ್ಚುಗಳು ಹುದುಗಿವೆ. ನಮ್ಮ ಮನೆಯ ದೀಪದ ಸ್ವಿಚ್ಚು ದೀಪದ ಬಳಿಯಲ್ಲಿಯೇ ಇರಬೇಕೆಂಬ ನಿಯಮವಿಲ್ಲವಷ್ಟೆ. ಹಾಗೆಯೇ ಜೀನಿನ ಸ್ವಿಚ್ಚು ಅದರಿಂದ ಲಕ್ಷಾಂತರ ಅಕ್ಷರಗಳಷ್ಟು ದೂರದಲ್ಲಿರಬಹುದು. ಒಂದು ಸ್ವಿಚ್ಚು ಯಕೃತ್ತಿನಲ್ಲಿ ಮಾತ್ರ ಕೆಲಸ ಮಾಡುವುದು, ಇನ್ನೊಂದು ಮಿದುಳಿನಲ್ಲಿ ಮಾತ್ರ. ಕೆಲಸದಲ್ಲಿರುವ ಸ್ವಿಚ್ಚಿನ ಮೇಲೆ ನಾವು ಮೇಲೆ ಹೇಳಿದ ಸಡಿಲಿಕೆಯ ಗುರುತುಗಳಿರುತ್ತವೆ. ಆದುದರಿಂದ ಒಂದೊಂದು ಬಗೆಯ ಕೋಶದಲ್ಲಿಯೂ ಆ ಗುರುತುಗಳು ಎಲ್ಲೆಲ್ಲಿವೆಯೆಂದು ನಕ್ಷೆ ಬರೆದರೆ ಸ್ವಿಚ್ಚುಗಳ ವಿಳಾಸ ದೊರೆಯಬೇಕು.

ನಕ್ಷೆ ಬರೆದ ಬಗೆ

ಕಣ್ಣಿಗೆ ಕಾಣದ ಗುರುತನ್ನು ಓದುವ ಉಪಾಯಗಳು ಬಹು ಜಾಣತನದವು. ಡಿ.ಎನ್.ಎ.ಯನ್ನು ಬೈಸಲ್ಫೈಟ್ ಎಂಬ ಲವಣದೊಡನೆ ಬೆರೆಸಿದರೆ ಮೀಥೈಲ್ ಇಲ್ಲದ ಸೈಟೊಸಿನ್ ಬೇರೊಂದು ಅಕ್ಷರವಾಗಿ ಮಾರ್ಪಡುವುದು; ಮೀಥೈಲ್ ಉಳ್ಳದ್ದು ಹಾಗೆಯೇ ಉಳಿಯುವುದು. ಮೊದಲಿನ ಪಾಠವನ್ನೂ ಆಮೇಲಿನ ಪಾಠವನ್ನೂ ಹೋಲಿಸಿದರೆ ಗುರುತಿದ್ದ ಸ್ಥಳಗಳು ತಿಳಿದುಬರುವುವು. ಆಸ್ಟ್ರೇಲಿಯದ ಮರಿಯಾನ್ ಫ್ರಾಮರ್ ಮತ್ತು ಸಂಗಡಿಗರು ೧೯೯೨ರಲ್ಲಿ ಪ್ರಕಟಿಸಿದ ವಿಧಾನವಿದು. ಹಿಸ್ಟೋನಿನ ಗುರುತುಗಳನ್ನು ಹಿಡಿಯಲು, ಒಂದೊಂದು ಗುರುತಿಗೆ ಮಾತ್ರ ಅಂಟುವ ಪ್ರತಿಕಾಯಗಳನ್ನು ಗಾಳದಂತೆ ಬಳಸುವರು. ಗಾಳಕ್ಕೆ ಸಿಕ್ಕಿದ ಉಂಡೆಯೊಡನೆ ಅದಕ್ಕೆ ಸುತ್ತಿದ ಡಿ.ಎನ್.ಎ. ತುಂಡೂ ಬರುವುದು. ಇನ್ನು, ಡಿ.ಎನ್.ಎ.ಯನ್ನು ಕತ್ತರಿಸುವ ಕಿಣ್ವವೊಂದನ್ನು ಬಿಟ್ಟರೆ ಅದು ಬಿಗಿಯಾಗಿ ಸುತ್ತಿದ ಕಡೆ ಬಾಯಿ ಹಾಕಲಾರದೆ, ತೆರೆದಿರುವ ಎಡೆಗಳಲ್ಲಿಯೇ ಕತ್ತರಿಸುವುದು. ತೆರೆದ ಪುಟಗಳು ಯಾವುವೆಂದು ಇದರಿಂದ ಗೊತ್ತಾಗುವುದು.

೨೦೧೦ರಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಪ್ಯಾರಿಸ್ಸಿನಲ್ಲಿ ಸೇರಿ, ಆರೋಗ್ಯದಲ್ಲಿಯೂ ರೋಗದಲ್ಲಿಯೂ ಮಾನವ ಕೋಶಗಳ ಸಾವಿರ ಎಪಿಜೀನೋಮುಗಳ ನಕ್ಷೆಯನ್ನು ಬರೆಯುವ ಅಂತರರಾಷ್ಟ್ರೀಯ ಒಕ್ಕೂಟವನ್ನು ಸ್ಥಾಪಿಸಿದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಬೆಂಬಲದಿಂದ ನಡೆದ ಯೋಜನೆಯು ೨೦೧೫ರ ಫೆಬ್ರವರಿಯಲ್ಲಿ ೧೧೧ ಬಗೆಯ ಕೋಶ ಮತ್ತು ಅಂಗಾಂಶಗಳ ನಕ್ಷೆಗಳನ್ನು ಒಟ್ಟಿಗೆ ಪ್ರಕಟಿಸಿತು. ಮಿದುಳು, ಹೃದಯ, ಕರುಳು, ಸ್ನಾಯು, ಕೊಬ್ಬು, ರಕ್ತ, ಭ್ರೂಣದ ಅಂಗಗಳು ಎಲ್ಲವೂ ಅದರಲ್ಲಿ ಸೇರಿದ್ದುವು.

ರೋಗದ ಮನೆ ಯಾವುದು?

ನಕ್ಷೆಯು ಸಿದ್ಧವಾದ ಮೇಲೆ ಅದರ ಮೇಲೆ ರೋಗದ ಅಕ್ಷರವ್ಯತ್ಯಾಸಗಳನ್ನು ಇಟ್ಟು ನೋಡಿದರು. ಬಯಲಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಂತಿದ್ದ ಅವು ಈಗ ಗುಂಪುಗುಂಪಾಗಿ ಕಂಡುವು. ರಕ್ತದ ಕೊಲೆಸ್ಟರಾಲನ್ನು ಹೆಚ್ಚುಕಡಮೆ ಮಾಡುವ ವ್ಯತ್ಯಾಸಗಳು ಯಕೃತ್ತಿನ ಸ್ವಿಚ್ಚುಗಳಲ್ಲಿ ಕುಳಿತಿದ್ದುವು. ಸಂಧಿವಾತದವು ರೋಗನಿರೋಧಕ ಕೋಶಗಳ ಸ್ವಿಚ್ಚುಗಳಲ್ಲಿ. ಇವು ನಿರೀಕ್ಷಿಸಿದಂತೆಯೇ ಇದ್ದುವು. ಆದರೆ ಮುಪ್ಪಿನಲ್ಲಿ ನೆನಪನ್ನು ಅಳಿಸಿಹಾಕುವ ಆಲ್ಜೈಮರ್ ರೋಗದ ವಿಷಯದಲ್ಲಿ ಆಶ್ಚರ್ಯವೊಂದು ಕಾದಿತ್ತು. ಸಾಯುವುವು ಮಿದುಳಿನ ನರಕೋಶಗಳಾದುದರಿಂದ ವ್ಯತ್ಯಾಸಗಳು ನರಕೋಶದ ಸ್ವಿಚ್ಚುಗಳಲ್ಲಿಯೇ ಇರಬೇಕೆಂದು ಭಾವಿಸುವುದು ಸಹಜ. ೨೦೧೫ರಲ್ಲಿ ನೋಡಿದಾಗ ಅವು ಮುಖ್ಯವಾಗಿ ರೋಗನಿರೋಧಕ ಕೋಶಗಳ ಸ್ವಿಚ್ಚುಗಳಲ್ಲಿ ಕಂಡುಬಂದುವು. ಮಿದುಳಿನಲ್ಲಿ ಕಸ ಗುಡಿಸುವ, ಕಾವಲು ಕಾಯುವ ಮೈಕ್ರೊಗ್ಲಿಯ ಎಂಬ ಕೋಶಗಳತ್ತ ಸಂಶೋಧಕರ ದೃಷ್ಟಿ ಹರಿಯಲು ಇದು ಬಲವಾದ ಕಾರಣವಾಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಾವು ಕೇಳಿದ್ದೇವೆ. ಯಾವ ಕೋಶದಲ್ಲಿ ಕೇಡು ಹುಟ್ಟಿತೆಂದು ತಿಳಿಯದೆ ಔಷಧವನ್ನು ಹುಡುಕುವುದು ಅಂಥದೇ ಕೆಲಸ. ಎಪಿಜೀನೋಮಿನ ನಕ್ಷೆಯು ಔಷಧವನ್ನು ಕೊಡಲಾರದು. ಜ್ವರ ಬಂದುದು ಎತ್ತಿಗೋ ಎಮ್ಮೆಗೋ ಎಂಬುದನ್ನು ಹೇಳಬಲ್ಲುದು. ಇಷ್ಟರಿಂದಲೇ ಏನಾಗಬಹುದೆಂಬುದಕ್ಕೆ ಒಂದು ನಿದರ್ಶನವನ್ನು ತುಸು ವಿವರವಾಗಿ ಹೇಳುವೆವು.

ಕುಡುಗೋಲಿನಾಕಾರದ ಕಣ

ನಮ್ಮ ರಕ್ತದ ಕೆಂಪು ಕಣಗಳು ದುಂಡಗೆ, ಮೃದುವಾಗಿರುವುವು. ಕೆಲವರಲ್ಲಿ ಹಿಮೋಗ್ಲೋಬಿನ್ ಪ್ರೋಟೀನಿನ ಬೀಟ ಸರಪಳಿಯ ಜೀನಿನಲ್ಲಿ ಒಂದೇ ಒಂದಕ್ಷರ ಬದಲಾಗಿದೆ. ತಾಯಿ ತಂದೆ ಇಬ್ಬರಿಂದಲೂ ಅಂಥ ಜೀನು ಬಂದಾಗ, ಆಮ್ಲಜನಕವು ಕಡಮೆಯಾದೊಡನೆ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಸಲಾಕೆಯಾಗಿ, ಕಣವು ಕುಡುಗೋಲಿನಂತೆ ಬಾಗುವುದು. ಬಾಗಿದ ಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿಬಿಡುವುವು. ಎಲುಬುಗಳಲ್ಲಿ ತಡೆಯಲಾರದ ನೋವು, ರಕ್ತಹೀನತೆ, ಕೊನೆಗೆ ಅಂಗಗಳ ನಾಶ ಇವು ಈ ರೋಗದ ಲಕ್ಷಣಗಳು. ಇದು ನಮಗೆ ದೂರದ ರೋಗವಲ್ಲ. ೧೯೫೨ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬವರು ನೀಲಗಿರಿಯ ಬುಡಕಟ್ಟಿನ ಜನರಲ್ಲಿ ಇಂಥ ಕಣಗಳನ್ನು ಗುರುತಿಸಿದರು. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿಯೂ ಈ ರೋಗವುಂಟು.

೧೯೪೮ರಲ್ಲಿ ಅಮೆರಿಕದ ವೈದ್ಯೆ ಜಾನೆಟ್ ವಾಟ್ಸನ್ ಒಂದು ವಿಚಿತ್ರವನ್ನು ಗಮನಿಸಿದರು. ಈ ಜೀನು ಉಳ್ಳ ಎಳೆಗೂಸುಗಳಿಗೆ ಹುಟ್ಟಿದ ಕೆಲವು ತಿಂಗಳವರೆಗೆ ರೋಗದ ತೊಂದರೆಯಿಲ್ಲ. ತಾಯಿಯ ಗರ್ಭದಲ್ಲಿ ಕೂಸಿನ ರಕ್ತದಲ್ಲಿರುವುದು ಬೇರೊಂದು ಬಗೆಯ ಹಿಮೋಗ್ಲೋಬಿನ್. ಹುಟ್ಟಿದ ಮೇಲೆ ಅದರ ತಯಾರಿಕೆ ಕ್ರಮೇಣ ನಿಂತು, ದೊಡ್ಡವರ ಹಿಮೋಗ್ಲೋಬಿನ್ ಅದರ ಸ್ಥಾನಕ್ಕೆ ಬರುವುದು. ಭ್ರೂಣದ ಹಿಮೋಗ್ಲೋಬಿನ್ ಇರುವಷ್ಟು ಕಾಲ ಕಣಗಳು ಬಾಗುವುದಿಲ್ಲ. ಅದರ ಜೀನು ದೊಡ್ಡವರಲ್ಲಿಯೂ ಕೆಡದೆ ಇದ್ದೇ ಇದೆ, ಓದುವವರಿಲ್ಲ. ಆ ಮುಚ್ಚಿದ ಪುಟವನ್ನು ಮತ್ತೆ ತೆರೆಯಲು ಸಾಧ್ಯವೇ?

೨೦೦೭ ಮತ್ತು ೨೦೦೮ರ ಅಧ್ಯಯನಗಳಲ್ಲಿ, ದೊಡ್ಡವರಾದ ಮೇಲೂ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಾಗಿರುವ ಜನರಲ್ಲಿ ಬಿ.ಸಿ.ಎಲ್.೧೧ಎ ಎಂಬ ಜೀನಿನ ಒಳಗೆ, ಆದರೆ ಪ್ರೋಟೀನಿನ ಲಿಪಿಯ ಹೊರಗೆ, ಅಕ್ಷರವ್ಯತ್ಯಾಸಗಳು ಕಂಡುಬಂದುವು. ೨೦೦೮ರಲ್ಲಿಯೇ ವಿಜಯ್ ಶಂಕರನ್, ಸ್ಟೂವರ್ಟ್ ಆರ್ಕಿನ್ ಮತ್ತು ಸಂಗಡಿಗರು ಬಾಸ್ಟನ್ನಿನಲ್ಲಿ, ಆ ಜೀನಿನ ಪ್ರೋಟೀನೇ ಭ್ರೂಣದ ಹಿಮೋಗ್ಲೋಬಿನನ್ನು ಅಡಗಿಸುವುದೆಂದು ತೋರಿಸಿದರು. ಹಾಗಾದರೆ ಆ ಜೀನನ್ನೇ ತೆಗೆದುಹಾಕಿದರಾಯಿತಲ್ಲ ಎಂದು ವಾಚಕರು ಕೇಳಬಹುದು. ಅದು ಸಾಧ್ಯವಿರಲಿಲ್ಲ. ಮಿದುಳಿನ ಬೆಳವಣಿಗೆಗೂ ಬಿಳಿಯ ರಕ್ತಕಣಗಳಲ್ಲಿ ಒಂದು ಬಗೆಗೂ ಆ ಜೀನು ಅವಶ್ಯ. ಅದಿಲ್ಲದ ಇಲಿಮರಿಗಳು ಹುಟ್ಟಿದೊಡನೆ ಸಾಯುವುವು.

ನಕ್ಷೆಯ ಪ್ರಯೋಜನ ಕಂಡುದು ಇಲ್ಲಿ. ಡೇನಿಯಲ್ ಬಾವರ್ ಮತ್ತು ಸಂಗಡಿಗರು ಕೆಂಪು ಕಣಗಳನ್ನು ಹೆರುವ ಕೋಶಗಳ ಗುರುತುಗಳನ್ನು ನೋಡಿದಾಗ, ಆ ವ್ಯತ್ಯಾಸಗಳಿದ್ದ ಎಡೆಯಲ್ಲಿಯೇ ಮೂರು ತೆರೆದ ತಾಣಗಳಿದ್ದುವು. ಬಿಳಿಯ ಕಣಗಳಲ್ಲಿ ಅದೇ ಎಡೆ ಮುಚ್ಚಿತ್ತು. ಎಂದರೆ ಅದು ಕೆಂಪು ಕಣಗಳ ವಂಶಕ್ಕೆ ಮಾತ್ರ ಸೇರಿದ ಸ್ವಿಚ್ಚು! ಅದನ್ನು ಕೆಡಿಸಿದರೆ ಮಿದುಳಿಗೂ ಬಿಳಿಯ ಕಣಕ್ಕೂ ತೊಂದರೆ ತಟ್ಟದೆ ಕೆಂಪು ಕಣದಲ್ಲಿ ಮಾತ್ರ ಆ ಜೀನು ತಗ್ಗುವುದು. ಇದು ಪ್ರಕಟವಾದುದು ೨೦೧೩ರಲ್ಲಿ. ಡಿ.ಎನ್.ಎ.ಯನ್ನು ಬೇಕಾದ ಸ್ಥಳದಲ್ಲಿ ಕತ್ತರಿಸುವ ಕ್ರಿಸ್ಪರ್ ಎಂಬ ಉಪಾಯದಿಂದ, ಆ ಸ್ವಿಚ್ಚಿನಲ್ಲಿ ಎಲ್ಲಿ ಪೆಟ್ಟು ಕೊಟ್ಟರೆ ಸಾಕೆಂಬುದನ್ನು ೨೦೧೫ರಲ್ಲಿ ಕಂಡುಕೊಂಡರು.

ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಆ ಸ್ವಿಚ್ಚನ್ನು ಕತ್ತರಿಸಿ, ಮತ್ತೆ ಮೈಗೆ ಸೇರಿಸುವ ಚಿಕಿತ್ಸೆಗೆ ಬ್ರಿಟನ್ ೨೦೨೩ರ ನವೆಂಬರಿನಲ್ಲಿಯೂ ಅಮೆರಿಕ ಅದೇ ಡಿಸೆಂಬರಿನಲ್ಲಿಯೂ ಅನುಮತಿಯನ್ನಿತ್ತುವು. ಅಮೆರಿಕದ ಅನುಮತಿಗೆ ಆಧಾರವಾದ ಪ್ರಯೋಗದಲ್ಲಿ, ಸಾಕಷ್ಟು ಕಾಲ ಪರೀಕ್ಷಿಸಿದ ೩೧ ರೋಗಿಗಳ ಪೈಕಿ ೨೯ ಮಂದಿಗೆ ಕನಿಷ್ಠ ಒಂದು ವರ್ಷ ಕಾಲ ಕಠಿನವಾದ ನೋವಿನ ಬಾಧೆ ಮರುಕಳಿಸಲಿಲ್ಲ.

ನಕ್ಷೆಯ ಮಿತಿಗಳು

ಹೀಗೆಂದು ನಕ್ಷೆಯಿಂದ ಎಲ್ಲವೂ ಆದೀತೆಂದು ನಾವು ಹೇಳುವುದಿಲ್ಲ. ಅಕ್ಷರಗಳಂತೆ ಗುರುತುಗಳು ಸ್ಥಿರವಲ್ಲ; ವಯಸ್ಸಿನೊಡನೆ, ಆಹಾರದೊಡನೆ, ಅಭ್ಯಾಸದೊಡನೆ ಅವು ಬದಲಾಗುವುವು. ೨೦೦೫ರಲ್ಲಿ ಸ್ಪೇನಿನ ಸಂಶೋಧಕರು ೪೦ ಜೊತೆ ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ, ಎಳೆಯ ಅವಳಿಗಳ ಗುರುತುಗಳು ಒಂದೇ ತೆರನಾಗಿದ್ದು, ವಯಸ್ಸಾದವರಲ್ಲಿ ಬಹಳ ಬೇರೆಯಾಗಿದ್ದುವು. ೧೯೪೪–೪೫ರ ಚಳಿಗಾಲದಲ್ಲಿ ಹಾಲೆಂಡಿಗೆ ಬಂದ ಕ್ಷಾಮದ ಕಾಲದಲ್ಲಿ ತಾಯಿಯ ಗರ್ಭದಲ್ಲಿ ಮೊಳೆತವರ ರಕ್ತವನ್ನು ಆರು ದಶಕಗಳ ತರುವಾಯ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಮೇಲೆ ಮೀಥೈಲ್ ಗುರುತು, ಕ್ಷಾಮವನ್ನು ಕಾಣದ ಅವರ ಒಡಹುಟ್ಟಿದವರಿಗಿಂತ ಕಡಮೆಯಾಗಿತ್ತು. ಹೊಗೆಬತ್ತಿ ಸೇದುವವರ ರಕ್ತಕೋಶಗಳಲ್ಲಿ ಒಂದು ಜೀನಿನ ಮೀಥೈಲ್ ಗುರುತು ಕುಂದುವುದು; ಚಟವನ್ನು ಬಿಟ್ಟರೆ ವರ್ಷಗಳ ಮೇಲೆ ಮೆಲ್ಲನೆ ಹಿಂದಿನ ಸ್ಥಿತಿಯತ್ತ ಮರಳುವುದು.

ಆದುದರಿಂದ ರೋಗಿಯ ಕೋಶದಲ್ಲಿ ಗುರುತು ಬೇರೆಯಾಗಿ ಕಂಡರೆ, ಅದು ರೋಗಕ್ಕೆ ಕಾರಣವೋ ರೋಗದ ಪರಿಣಾಮವೋ ಎಂದು ಪ್ರತ್ಯೇಕವಾಗಿ ಸಾಧಿಸಬೇಕು. ಒಂದು ಅಂಗದ ತುಂಡಿನಲ್ಲಿ ಹಲವು ಬಗೆಯ ಕೋಶಗಳು ಬೆರೆತಿರುವುದರಿಂದ ಸರಾಸರಿಯೇ ಸತ್ಯವೆಂದು ಭ್ರಮಿಸುವ ಅಪಾಯವೂ ಉಂಟು. ಈಗ ಒಂದೊಂದು ಕೋಶವನ್ನೂ ಬೇರೆಯಾಗಿ ಓದುವ ವಿಧಾನಗಳು ಬಳಕೆಗೆ ಬಂದಿರುವುದು ಇದಕ್ಕಾಗಿಯೇ. ಮೇಲಾಗಿ, ರೋಗದ ಅಕ್ಷರವ್ಯತ್ಯಾಸಗಳನ್ನು ಹುಡುಕಿದ ಅಧ್ಯಯನಗಳಲ್ಲಿ ಹೆಚ್ಚಿನವು ಯೂರೋಪು ಮೂಲದ ಜನರನ್ನು ಕುರಿತವು. ನಮ್ಮ ದೇಶದ ಜನರಲ್ಲಿ ಕಾಣುವ ವ್ಯತ್ಯಾಸಗಳನ್ನೂ ನಕ್ಷೆಯ ಮೇಲೆ ಇಟ್ಟು ನೋಡುವ ಕೆಲಸ ಬಹಳವಾಗಿ ಉಳಿದಿದೆ.

ಕುಡುಗೋಲು ಕಣದ ಹೊಸ ಚಿಕಿತ್ಸೆಯ ವಿಷಯದಲ್ಲಿಯೂ ಒಂದು ಮಾತನ್ನು ಹೇಳದಿರಲಾಗದು. ಅಮೆರಿಕದಲ್ಲಿ ಅದಕ್ಕೆ ಗೊತ್ತುಮಾಡಿದ ಬೆಲೆ ರೋಗಿಯೊಬ್ಬನಿಗೆ ೨೨ ಲಕ್ಷ ಡಾಲರುಗಳು. ಹೊಸ ಕೋಶಗಳಿಗೆ ಎಡೆ ಮಾಡಲು ಅಸ್ಥಿಮಜ್ಜೆಯಲ್ಲಿರುವ ಹಳೆಯ ಮೂಲಕೋಶಗಳನ್ನು ಮೊದಲು ಉಗ್ರವಾದ ಔಷಧದಿಂದ ನಾಶಮಾಡಬೇಕು. ವಾರಗಟ್ಟಲೆ ದೊಡ್ಡ ಆಸ್ಪತ್ರೆಯಲ್ಲಿರಬೇಕು. ಕಾಡಂಚಿನ ಹಾಡಿಯ ಮಗುವಿಗೆ ಇದು ಎಟುಕುವ ಮಾತೇ? ಭಾರತ ಸರ್ಕಾರವು ೨೦೨೩ರ ಜುಲೈಯಲ್ಲಿ ಆರಂಭಿಸಿದ ರಾಷ್ಟ್ರೀಯ ಯೋಜನೆಯು ಬುಡಕಟ್ಟು ಪ್ರದೇಶಗಳಲ್ಲಿ ೪೦ ವರ್ಷದೊಳಗಿನ ೭ ಕೋಟಿ ಜನರ ರಕ್ತಪರೀಕ್ಷೆಯನ್ನು ಗುರಿಯಾಗಿಟ್ಟುಕೊಂಡಿತು. ರೋಗವನ್ನು ಬೇಗ ಗುರುತಿಸಿದರೆ ಹೈಡ್ರಾಕ್ಸಿಯೂರಿಯ ಎಂಬ ಅಗ್ಗದ ಔಷಧವನ್ನು ಕೊಡಬಹುದು. ಅದೂ ಕೂಡ ಭ್ರೂಣದ ಹಿಮೋಗ್ಲೋಬಿನನ್ನು ತಕ್ಕಮಟ್ಟಿಗೆ ಹೆಚ್ಚಿಸುವುದು.

ಕತ್ತರಿಸುವ ಬದಲು ಒಂದು ಗುಳಿಗೆಯಿಂದಲೇ ಆ ಸ್ವಿಚ್ಚಿನ ಕೆಲಸವನ್ನು ತಗ್ಗಿಸಲಾದೀತೇ ಎಂದು ಸಂಶೋಧಕರು ಹುಡುಕುತ್ತಿರುವರು. ಅದು ಕೈಗೂಡಿದ ದಿನ, ಬೆಕ್ಕಿನ ಮೈಬಣ್ಣದಲ್ಲಿ ನಾವು ಕಂಡ ಅದೇ ತತ್ತ್ವದ ಫಲವು ಹಾಡಿಯ ಬಾಗಿಲಿಗೂ ಮುಟ್ಟೀತು. ಅಲ್ಲಿಯವರೆಗೆ ಅಲ್ಲಿಯ ಕೂಸಿಗೆ ಮೊದಲು ಬೇಕಾದುದು ಒಂದು ತೊಟ್ಟು ರಕ್ತದ ಪರೀಕ್ಷೆ, ತಪ್ಪದೆ ಸಿಕ್ಕುವ ಗುಳಿಗೆ.